ಟವೆಲ್ ಮೇಲೆ ಬಿಚ್ಚಿಟ್ಟ ಪಂಪು

ಆಗ ನನಗೆ ಅರವತ್ತೆರಡು. ಒಂಬತ್ತು ವರ್ಷದ ಹಿಂದಿನ ಮಾತು. ನಾಲ್ಕನೇ ಕ್ಲಾಸಿಗೆ ಬಂದರೂ ಮೊಮ್ಮಗಳಿಗೆ ಓದು ಹತ್ತಲಿಲ್ಲ. ದಡ್ಡಿ, ಸ್ಕೂಲು ಬಿಡಿಸುವುದೇ ಸರಿ ಎಂದು ನಾನೇ ತೀರ್ಮಾನ ಮಾಡಿದ್ದೆ.

ನಮ್ಮ ಬಾವಿಯ ಪಂಪು ಕೆಟ್ಟಾಗೆಲ್ಲ ಅರಕೆರೆಯಿಂದ ರಿಪೇರಿಯವನು ಬರುತ್ತಿದ್ದ. ಸದ್ದು ಕೇಳಿಯೇ ಕೆಟ್ಟದ್ದು ಯಾವುದೆಂದು ಹೇಳುತ್ತಿದ್ದ. ಬಿಚ್ಚಿದ ಸಾಮಾನನ್ನು ಬಿಚ್ಚಿದ ಸಾಲಿನಲ್ಲೇ ಟವೆಲ್ ಮೇಲೆ ಇಟ್ಟು, "ಇದೇ ನನ್ ಪುಸ್ತಕ ಕಣವ್ವ" ಅನ್ನುತ್ತಿದ್ದ.

ಒಂದು ದಿನ ಪಂಪು ಬಿಚ್ಚಿಟ್ಟು ಅವನು ಕೈ ತೊಳೆಯಲು ಹೋದಾಗ ನಾಲ್ಕು ಹನಿ ಮಳೆ ಬಿತ್ತು. ಸಾಮಾನು ನೆನೆಯದಿರಲೆಂದು ನಾನು ಟವೆಲನ್ನು ಗಂಟು ಕಟ್ಟಿ ಒಳಗಿಟ್ಟೆ.

"ಏನವ್ವ, ಪುಸ್ತಕಾನೇ ಅರ್ದಾಕ್ಬುಟ್ಯಲ್ಲ. ಇನ್ನ ಸಂಜೆಗಂಟ ಜೋಡಿಸ್ಬೇಕು" ಅಂದ.

ಅವನು ಬಿಚ್ಚುವಾಗ ನೋಡುತ್ತ ನಿಂತಿದ್ದ ಮೊಮ್ಮಗಳು ಗಂಟು ಬಿಚ್ಚಿ, ಬೋಲ್ಟು, ವಾಷರು, ಬೇರಿಂಗು ಎಲ್ಲವನ್ನೂ ಮೊದಲಿದ್ದ ಹಾಗೇ ಸಾಲಾಗಿಟ್ಟಳು. ಅವನು ಅದೇ ಸಾಲಿನಲ್ಲಿ ಕೂರಿಸುತ್ತ ಹೋದ. ಪಂಪು ನೀರೆತ್ತಿತು. "ಅಕ್ಸರ ಹತ್ತದ ದಡ್ಡಿಗೆ ಇದೆಂಗ್ ಬಂತು?" ಅಂದೆ.

"ಇವಳ್ನ ದಡ್ಡಿ ಅಂದೋರ್ಯಾರವ್ವ?"

"ನಾನೇ ಕಣಪ್ಪ."

"ನಂಗೂ ಅಂಗೇ ಅಂದಿದ್ರು. ಆಮೇಲೆ ಡಾಕ್ಟ್ರು ಡಿಸ್ಲೆಕ್ಸಿಯಾ ಅಂದ್ರು, ಇವಳ್ಗೂ ಅದೇ ಇರ್ಬೋದು. ಅಕ್ಸರ ಸಟ್ನೆ ಹತ್ತಲ್ಲ, ಅಷ್ಟೆಯ. ಸ್ಕೂಲಲ್ಲಿ ಪ್ರಶ್ನೇನ ಬಾಯಲ್ಲಿ ಕೇಳ್ಸಿ ನೋಡು."

ಮಾರನೆಯ ಬೆಳಿಗ್ಗೆ ಮೊಮ್ಮಗಳನ್ನು ಕರೆದುಕೊಂಡು ಸ್ಕೂಲಿಗೆ ನಡೆದೆ. "ಇವಳ್ನ ಬುಡ್ಸಲ್ಲ, ಪ್ರಶ್ನೇನ ಬಾಯಲ್ಲಿ ಕೇಳಿ" ಎಂದು ಮೇಡಂಗೆ ಹೇಳಿ, ಅವರು ಅವಳಿಗೆ ಪ್ರಶ್ನೆ ಕೇಳುವ ತನಕ ಬಾಗಿಲಲ್ಲೇ ಕೂತೆ.