ಕಡಲಿಗೆ ಕೊಟ್ಟ ರಜೆ

ಹ್ಯೂಸ್ಟನ್ ಬಳಿಯ ಕ್ಲಿಯರ್ ಲೇಕ್‌ನಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್ ಕುಂದಾಪುರದ ಕಡೆಯವರು. ಜೂನ್ ಬಂತೆಂದರೆ ಗಾಳದ ಕೋಲುಗಳನ್ನು ಒರೆಸಿ, ಎಣ್ಣೆ ಹಚ್ಚಿ, ಗರಾಜಿನ ಗೋಡೆಗೆ ತೂಗುಹಾಕಿಬಿಡುತ್ತಿದ್ದರು. "ಈಗ ಕಡಲಿಗೆ ಹೋಪುಕಾಗ ಮಾರಾಯ, ಮೀನು ಮೊಟ್ಟೆ ಇಡು ಹೊತ್ತು" ಎನ್ನುತ್ತಿದ್ದರು. ಅವರ ಊರಿನಲ್ಲಿ ಮಳೆಗಾಲದ ಆ ತಿಂಗಳುಗಳಲ್ಲಿ ದೋಣಿಗಳೆಲ್ಲ ದಡ ಸೇರುತ್ತವೆ. ಹ್ಯೂಸ್ಟನ್ನಿನ ಸುಡುಬಿಸಿಲಿನಲ್ಲೂ ಅವರು ಆ ನೇಮ ಮುರಿದವರಲ್ಲ. ಆಗ ಯಾರಾದರೂ ಮೀನು ತಂದುಕೊಟ್ಟರೆ ಮುಖ ಸಿಂಡರಿಸಿ ವಾಪಸ್ ಕಳಿಸುತ್ತಿದ್ದರು.

ಅವರ ಹಬ್ಬ ನವೆಂಬರಿನಲ್ಲಿ. ಕೊಲ್ಲಿಯಿಂದ ಆಳ ಸಮುದ್ರಕ್ಕೆ ಹೊರಟ ಫ್ಲೌಂಡರ್ ಎಂಬ ಚಪ್ಪಟೆ ಮೀನುಗಳನ್ನು ಹಿಡಿದು, ಹೊಟ್ಟೆಯೊಳಗಿನ ಮೊಟ್ಟೆಯನ್ನೇ ಮೊದಲು ಹುರಿದು ತಿನ್ನುತ್ತಿದ್ದರು. ವರ್ಷದಿಂದ ವರ್ಷಕ್ಕೆ ಮೀನು ಕಡಿಮೆಯಾದಾಗ ನೀರು ಕೆಡಿಸುವ ದಡದ ತೈಲ ರಿಫೈನರಿಗಳನ್ನು ಬಯ್ಯುತ್ತಿದ್ದರು.

ಒಂದು ನವೆಂಬರಿನಲ್ಲಿ ನಾನೂ ಸುಮ್ಮನೆ ಜೊತೆಗೆ ಹೋಗಿದ್ದೆ. ಮೀನುಗಾರಿಕೆ ಗಸ್ತಿನ ಅಧಿಕಾರಿಯೊಬ್ಬಳು ಬಂದು ಅವರ ಐಸ್ ಪೆಟ್ಟಿಗೆ ತೆರೆಸಿದಳು. "ಈ ತಿಂಗಳು ನಿಮಗೆ ಎರಡೇ ಮೀನು" ಎಂದು ಇಂಗ್ಲಿಷಿನಲ್ಲಿ ಹೇಳಿ, ಒಂದರ ಉಬ್ಬಿದ ಹೊಟ್ಟೆ ಸವರಿದಳು. "ಇವೆಲ್ಲ ಮೊಟ್ಟೆ ಇಡಲು ಹೊರಟ ಹೆಣ್ಣುಗಳು. ಇವುಗಳ ಸಂತತಿಯೇ ಕರಗುತ್ತಿದೆ." ಎರಡನ್ನು ಬಿಟ್ಟು ಉಳಿದದ್ದನ್ನೆಲ್ಲ ಜಪ್ತಿ ಮಾಡಿದಳು.

ಅಂಕಲ್ ಮನೆಗೆ ಬಂದು ಸಿಂಕಿನಲ್ಲಿ ಆ ಎರಡು ಮೀನು ಸೀಳಿದರು. ಒಲೆಯ ಮುಂದಿದ್ದ ಆಂಟಿ ಎಂದಿನಂತೆ, "ಎಣ್ಣೆ ಕಾಯ್ತು, ಮೊಟ್ಟೆ ಕೊಡಿ" ಎಂದರು.

ಅಂಗೈ ತುಂಬ ಮೊಟ್ಟೆ ಹಿಡಿದುಕೊಂಡೇ ಅಂಕಲ್ ನನ್ನ ಕಡೆ ತಿರುಗಿದರು.

"ಇಷ್ಟು ವರ್ಷ ನಾನು ರಜೆ ಕೊಟ್ಟದ್ದು ಯಾವ ಕಡಲಿಗೆ ಮಾರಾಯ?"