ಹೆಳವ ಬರುವ ತನಕ

ಸತ್ತವರು ಬಂದು ಮಾತಾಡಿದರು ಎಂಬ ಸುದ್ದಿ ಎದ್ದರೆ ನಾನು ಜಗಲಿಯಿಂದ ಎದ್ದು ಹೋಗುತ್ತಿದ್ದೆ. ನಮ್ಮ ಕುದೇರಿನಲ್ಲಿ ಇಂಥ ಕತೆಗಳಿಗೆ ಬರವಿಲ್ಲ. ಹುಣಸೆಮರಕ್ಕೊಂದು, ಹಾಳುಬಾವಿಗೊಂದು ಇದ್ದೇ ಇದೆ. ಬರೆದದ್ದು ಏನಾದರೂ ಇದ್ದರೆ ತೋರಿಸಿ, ಆಮೇಲೆ ನಂಬೋಣ ಎಂದು, ಕತೆ ಹೇಳಿದವರ ಬಾಯಿ ಮುಚ್ಚಿಸುತ್ತಿದ್ದೆ. ಇಪ್ಪತ್ತೆಂಟು ವರ್ಷ ಟೈಪಿಂಗ್ ಕಲಿಸಿದವನು ನಾನು. ಕಾಗದದ ಮೇಲೆ ಇಲ್ಲದ್ದನ್ನು ನಂಬುವ ಅಭ್ಯಾಸವೇ ನನಗಿರಲಿಲ್ಲ. ಈಗ ಹೇಳಹೊರಟಿರುವುದು ಕಾಗದದ ಮೇಲೆ ಇದ್ದದ್ದನ್ನು. ಅಲ್ಲಿಗೆ ಹೇಗೆ ಬಂತು ಎಂದು ಮಾತ್ರ ನನ್ನನ್ನು ಕೇಳಬೇಡಿ.

ಚಾಮರಾಜನಗರದಲ್ಲಿ ನನ್ನದೊಂದು ಟೈಪಿಂಗ್ ಶಾಲೆ ಇತ್ತು. ಕಲಿಯುವವರು ಕಡಿಮೆಯಾಗಿ ಅದನ್ನು ಮುಚ್ಚಿದ ಮೇಲೆ ಮೈಸೂರಿನ ಏಜೆಂಟರೊಬ್ಬರಿಂದ ಮನೆಯಲ್ಲೇ ಕೂತು ಮಾಡುವ ಕೆಲಸ ಸಿಕ್ಕಿತು. ಸ್ಕಾಟ್ಲೆಂಡಿನ ದೊರೆಮನೆಗಳ ವಂಶಾವಳಿಯ ಹಳೆಯ ಪುಸ್ತಕಗಳು. ಒಂದೊಂದು ಪುಟದ ಫೋಟೋ ಬರುತ್ತಿತ್ತು, ಅದನ್ನು ಓದಿ ಕಂಪ್ಯೂಟರಿನ ಕಾಲಂಗಳಲ್ಲಿ ತುಂಬಬೇಕು. ಯಾವ ಅರ್ಲ್ ಯಾರ ಮಗ, ಮೊದಲು ಯಾರನ್ನು ಮದುವೆಯಾದ, ಅವಳು ತೀರಿಕೊಂಡ ಮೇಲೆ ಯಾವ ಬ್ಯಾರನ್ನನ ಮಗಳನ್ನು ತಂದ, ಎಷ್ಟು ಮಕ್ಕಳು, ಯಾರು ಉಳಿದರು, ಯಾರು ಹೋದರು. ನದಿಮೂಲ, ಋಷಿಮೂಲ ಕೆದಕಬಾರದು ಎನ್ನುತ್ತಾರೆ. ನಾನು ಕೆದಕಿಯೇ ಅನ್ನ ತಿಂದೆ.

ಇಂಗ್ಲಿಷಿನ ಆ ಸಣ್ಣ ಅಕ್ಷರ ನನ್ನ ಕಣ್ಣಿಗೆ ನಿಲುಕುತ್ತಿರಲಿಲ್ಲ. ಮಗಳು ಚಂದ್ರಕಲಾ ಬಿ.ಎ. ಓದುತ್ತಿದ್ದಳು, ನಗರದ ಕಾಲೇಜಿನಿಂದ ಬಂದು, ಕಾಫಿ ಕುಡಿದು, ಪಕ್ಕದಲ್ಲಿ ಕೂತು ಓದಿ ಹೇಳುತ್ತಿದ್ದಳು. ನಾನು ಟೈಪ್ ಹೊಡೆಯುತ್ತಿದ್ದೆ. ನಮ್ಮಲ್ಲಿ ಮನೆಗೊಬ್ಬ ಮಾದಪ್ಪ ಇರುವಂತೆ ಅಲ್ಲಿ ಮನೆಗೊಬ್ಬ ಜೇಮ್ಸ್. ದೊಡ್ಡಪ್ಪನ ಮಗಳನ್ನೇ ಕಟ್ಟಿಕೊಂಡ ದೊರೆಯೊಬ್ಬ ಸಿಕ್ಕಾಗ ನನ್ನ ಹೆಂಡತಿ ರಾಜಮ್ಮ, ತಂಗಿಯನ್ನೇ ಕಟ್ಟಿಕೊಂಡನೇ ಎಂದು ಶಿವ ಶಿವ ಅಂದು ಕೆನ್ನೆ ಬಡಿದುಕೊಂಡಳು. ಮೂವರೂ ನಕ್ಕೆವು. ಆ ಸಂಜೆಗಳು ಬಲು ಚೆನ್ನಾಗಿದ್ದವು.

ಅಲ್ಲಿ ಮದುವೆಗೆ ಒಂದು ಗುರುತಿದೆ. ಗಂಡಿನ ಹೆಸರು, ಹೆಣ್ಣಿನ ಹೆಸರು, ನಡುವೆ ಎರಡು ಅಡ್ಡಗೆರೆ, ಶಾಲೆಯ ಲೆಕ್ಕದಲ್ಲಿ ಸಮ ಎಂದು ಹಾಕುವ ಹಾಗೆ. ಇನ್ನೊಂದು ಪದ್ಧತಿಯೂ ಇದೆ. ಗಂಡುಮಕ್ಕಳಿಲ್ಲದ ದೊರೆಯ ಮಗಳನ್ನು ಮದುವೆಯಾದವನು ಹೆಂಡತಿಯ ಮನೆತನದ ಹೆಸರನ್ನೇ ಇಟ್ಟುಕೊಳ್ಳುತ್ತಾನೆ. ಮುಂದೆ ನೋಡಿದವರಿಗೆ ಮನೆತನ ಒಂದೇ ಎನಿಸುತ್ತದೆ, ಆದರೆ ಗಂಡಿನ ಬೇರು ಬೇರೆ. ಇದು ನಮ್ಮ ಮನೆ ಅಳಿಯನ ಕತೆಯೇ ಎಂದು ಕಲಾ ಕಂಡುಹಿಡಿದಳು. ಅಂಥ ಕಡೆ ಎಚ್ಚರ ತಪ್ಪಿದರೆ ಇಡೀ ವಂಶವೇ ತಪ್ಪಾಗುತ್ತದೆ ಎಂದು ನಾನೇ ಅವಳಿಗೆ ಪಾಠ ಹೇಳಿದ್ದೆ.

ಕೊನೆಯ ವರ್ಷದ ಓದು ಮುಗಿಯುವ ಹೊತ್ತಿಗೆ ಅವಳು ಹರದನಹಳ್ಳಿಯ ಶಿವಕುಮಾರನ ಮಾತೆತ್ತಿದಳು. ಕಾಲೇಜಿನಲ್ಲಿ ಅವಳಿಗಿಂತ ಎರಡು ವರ್ಷ ಮುಂದೆ ಇದ್ದವನು, ರೇಷ್ಮೆ ಇಲಾಖೆಯಲ್ಲಿ ಗುತ್ತಿಗೆ ಕೆಲಸ. ನಮ್ಮವರೇ. ಹುಡುಗನ ಬಗ್ಗೆ ಒಂದು ಕೆಟ್ಟ ಮಾತು ಕೇಳಿದವನಲ್ಲ ನಾನು. ಆದರೆ ಆ ಮನೆಯ ಹೆಸರು ಕೇಳಿದ ತಕ್ಷಣ ನಮ್ಮದೂ ಅವರದೂ ಒಂದೇ ಬೆಡಗು ಎಂದೆ. ಬೆಡಗು ಎಂದರೆ ಗೋತ್ರವಿದ್ದ ಹಾಗೆ, ಒಂದೇ ಬೆಡಗು ಎಂದರೆ ಒಂದೇ ಬೇರು. ಆ ಗಂಡು ಹೆಣ್ಣು ಅಣ್ಣ ತಂಗಿ. ಅಲ್ಲಿಗೆ ಮಾತು ಮುಗಿಯಿತು ಎಂದುಕೊಂಡೆ.

ಅವಳು ಅಳಲಿಲ್ಲ. ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ನಿಧಾನವಾಗಿ ಹೇಳಿದಳು: "ಆ ಮನೆ ಅಜ್ಜ ಮನೆ ಅಳಿಯ ಅಂತೆ ಕಣಪ್ಪ. ಅರವೆ ಊರ ಕಡೆಯಿಂದ ಬಂದವ್ರಂತೆ. ಮನೆ ಹೆಸ್ರು ಮಾತ್ರ ನಮ್ಮ ಬೆಡಗಿಂದು. ಅವ್ರ ಮನೇಲೂ ಸರ್ಯಾಗಿ ಯಾರ್ಗೂ ಗೊತ್ತಿಲ್ಲ. ಹೆಳವಯ್ಯ ಬರಗಂಟ ಕಾಯನ, ಅವ್ರ ಕೇಳನ. ಅವ್ರು ಬ್ಯಾಡ ಅಂದ್ರೆ ನಾನೂ ಬುಟ್ಬುಡ್ತೀನಿ."

ಹೆಳವ ಎಂದರೆ ನಮ್ಮ ಬೆಡಗಿನ ಮನೆಗಳ ವಂಶಾವಳಿ ಇಟ್ಟುಕೊಂಡವನು. ಸಿದ್ದಪ್ಪ ಅವನ ಹೆಸರು. ನಾಲ್ಕೈದು ವರ್ಷಕ್ಕೊಮ್ಮೆ ಬರುತ್ತಾನೆ, ಕೈಗಂಟೆ ಬಾರಿಸಿ ಹಿರಿಯರ ಹೆಸರು ಹೇಳುತ್ತಾನೆ, ಹೊಸದಾಗಿ ಹುಟ್ಟಿದವರನ್ನೂ ಹೆಣ್ಣು ಕೊಟ್ಟು ತಂದವರನ್ನೂ ಬರೆದುಕೊಳ್ಳುತ್ತಾನೆ. ಹಿಂದೆ ಎತ್ತಿನ ಮೇಲೆ ಬರುತ್ತಿದ್ದ, ಈಗ ಬಸ್ಸು. ಕುದೇರಿನಲ್ಲಿ ಅವನಿಗೆ ಸಲ್ಲುವ ಮನೆ ನಮ್ಮದೊಂದೇ. ಕಲಾ ಪಿಯುಸಿಯಲ್ಲಿದ್ದಾಗ ಬಂದಿದ್ದವನು. ಆಗ ಅವಳು ಅವನ ಪಕ್ಕ ಕೂತು ಮಧ್ಯಾಹ್ನವೆಲ್ಲ ಪ್ರಶ್ನೆ ಕೇಳಿ ಅವನನ್ನು ಸುಸ್ತು ಮಾಡಿದ್ದಳು.

ಕಾಯಬಹುದಿತ್ತು. ಹೆಚ್ಚೆಂದರೆ ಒಂದೆರಡು ವರ್ಷ. ನಾನು ಕಾಯಲಿಲ್ಲ. ವಂಶಾವಳಿಯ ವಿಷಯದಲ್ಲಿ ನನಗೆ ಇನ್ನೊಬ್ಬ ಹೇಳಿಕೊಡಬೇಕೇ ಎಂಬ ಅಹಂಕಾರ. ಸಾವಿರಾರು ಮೈಲಿ ಆಚೆಯ ದೊರೆಗಳ ಮನೆ ಅಳಿಯಂದಿರನ್ನು ಹುಡುಕಿ ಹುಡುಕಿ ತೆಗೆದವನು ಹನ್ನೆರಡು ಮೈಲಿಯ ಮನೆ ಅಳಿಯನನ್ನು ವಿಚಾರಿಸಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಅಂಬಲಿ ಮಡಕೆಯಲ್ಲಿ ಬಿತ್ತಂತೆ. ನಾವೂ ನೀವೂ ಅಣ್ಣತಮ್ಮಂದಿರು, ಈ ಮಾತು ಬೆಳೆಸಬೇಡಿ ಎಂದು ಹರದನಹಳ್ಳಿಗೆ ಹೇಳಿಕಳಿಸಿದೆ. ಗುಂಡ್ಲುಪೇಟೆಯ ಕಡೆ ಬೇರೆ ಗಂಡು ನೋಡಲು ಭಾವಮೈದುನನಿಗೆ ಹೇಳಿದೆ.

ಅಂದಿನಿಂದ ಕಲಾ ನನ್ನನ್ನು ಮಾತಾಡಿಸುವುದನ್ನು ಬಿಟ್ಟಳು. ಜಗಳವಿಲ್ಲ, ಮುನಿಸಿನ ಮುಖವಿಲ್ಲ. ಸಂಜೆ ಪಕ್ಕದಲ್ಲಿ ಕೂತು ಓದಿ ಹೇಳುತ್ತಲೂ ಇದ್ದಳು, ಪುಟದಲ್ಲಿ ಇದ್ದದ್ದನ್ನಷ್ಟೇ. ಉಳಿದ ಮಾತೆಲ್ಲ ತಾಯಿಯ ಕಡೆಯಿಂದ. "ಅವ್ರಿಗೆ ಊಟಕ್ಕಿಡಮ್ಮ", "ಅವ್ರ ಕನ್ನಡಕ ಅಲ್ಲಿ ಅದೆ ನೋಡು." ಅಪ್ಪ ಎನ್ನುವ ಮಾತು ನಮ್ಮ ಮನೆಯಿಂದ ಹೋಯಿತು. ನಾನೂ ಹಟಮಾರಿ. ಎಷ್ಟು ದಿನ ನಡೆಸುತ್ತಾಳೋ ನೋಡೋಣ ಎಂದುಕೊಂಡೆ.

ಹತ್ತು ತಿಂಗಳು ನಡೆಸಿದಳು. ಯುಗಾದಿ ಕಳೆದು ಐದಾರು ದಿನಕ್ಕೆ ಜ್ವರ ಬಂತು. ನಗರದ ಆಸ್ಪತ್ರೆಯಿಂದ ಮೈಸೂರಿಗೆ ಕರೆದೊಯ್ದೆವು; ರಕ್ತದಲ್ಲಿ ಏನೋ ಇಳಿದುಹೋಯಿತು ಎಂದರು. ನಾಲ್ಕನೆಯ ದಿನ ಹೋಗಿಬಿಟ್ಟಳು. ಇಪ್ಪತ್ತೆರಡು ವರ್ಷ. ಕೊನೆಯವರೆಗೂ ನಾನು ಮಂಚದ ಪಕ್ಕದಲ್ಲೇ ಇದ್ದೆ, ನನ್ನ ಕಡೆ ನೋಡಿದಳು, ಆದರೆ ಮಾತಾಡಲು ಅವಳಿಗೆ ಆಗ ಶಕ್ತಿಯಿರಲಿಲ್ಲವೋ, ಮನಸ್ಸಿರಲಿಲ್ಲವೋ ಗೊತ್ತಾಗಲಿಲ್ಲ. ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ಶಿವಕುಮಾರ ಬಂದಿದ್ದ. ಎಲ್ಲರೂ ಹೋದ ಮೇಲೆ ಒಂದು ಹಿಡಿ ಮಣ್ಣು ಹಾಕಿ, ನನಗೆ ಕೈಮುಗಿದು ಹೋದ.

ಎರಡು ತಿಂಗಳು ಕಂಪ್ಯೂಟರ್ ಮುಟ್ಟಲಿಲ್ಲ. ಮತ್ತೆ ಶುರು ಮಾಡಿದಾಗ ಮೊದಲು ಬಂದ ಪುಟದಲ್ಲೇ ದೊರೆಯೊಬ್ಬನ ಐದು ಹೆಣ್ಣುಮಕ್ಕಳಿದ್ದರು. ಮೂವರ ಹೆಸರಿನ ಮುಂದೆ ಎರಡು ಗೆರೆ, ಗಂಡಂದಿರ ಹೆಸರು. ಉಳಿದಿಬ್ಬರ ಮುಂದೆ, ಮದುವೆಯಾಗದೆ ತೀರಿಕೊಂಡಳು ಎಂಬ ಒಂದೇ ಸಾಲು. ಅದೇ ಸಾಲನ್ನು ಹಿಂದೆ ಎಷ್ಟು ಸಲ ಹೊಡೆದಿದ್ದೆನೋ, ಒಮ್ಮೆಯೂ ಕೈ ನಿಂತಿರಲಿಲ್ಲ.

ನಮ್ಮ ಮನೆಯಲ್ಲಿ ಮದುವೆಯಾಗದೆ ಹೋದವರಿಗೆ ವರ್ಷದ ಎಡೆ ಇಡುವ ಪದ್ಧತಿಯಿಲ್ಲ. ಅವರು ಹಿರಿಯರ ಸಾಲಿಗೆ ಸೇರುವುದಿಲ್ಲ ಎಂದು ಬೇರೆ ಊರಲ್ಲಿರುವ ದಾಯಾದಿಗಳು ಹೇಳಿದರು. ಅವಳು ಹೋಗಿ ವರ್ಷ ತುಂಬುವ ದಿನ ಏನೂ ಮಾಡದೆ ಮನೆಯಲ್ಲಿ ಕೂರಲು ರಾಜಮ್ಮನಿಂದ ಆಗುತ್ತಿರಲಿಲ್ಲ. ಬಾಗಿಲಿಗೆ ಬೀಗ ಹಾಕಿ ಗುಂಡ್ಲುಪೇಟೆಯ ಅವಳ ತಮ್ಮನ ಮನೆಗೆ ಹೋಗಿ ಮೂರು ದಿನ ಇದ್ದು ಬಂದೆವು. ಬಂದಾಗ ಜಗಲಿಯ ಮೇಲೆ ನಮ್ಮ ಹಿತ್ತಾಳೆ ಚೊಂಬು ಇತ್ತು, ಅರ್ಧ ನೀರು. ಹೊರಗೆ ಬಿಟ್ಟುಹೋಗಿದ್ದೀರಿ, ಯಾರಾದರೂ ಎತ್ತಿಕೊಂಡು ಹೋಗಿದ್ದರೆ ಎಂದು ರಾಜಮ್ಮ ನನ್ನನ್ನು ಬೈದಳು. ನಾನು ಇಟ್ಟ ನೆನಪಿರಲಿಲ್ಲ. ಮರೆತಿರಬೇಕು ಎಂದು ಸುಮ್ಮನಾದೆ.

ಅದರ ಮುಂದಿನ ವರ್ಷ, ಹುರುಳಿ ಒಕ್ಕಣೆಯ ಕಾಲ. ಒಂದು ಮಧ್ಯಾಹ್ನ ಸಿದ್ದಪ್ಪ ಬಂದ. ಒಂದು ಕಣ್ಣು ಪೂರ್ತಿ ಮಂಜಾಗಿತ್ತು, ಇನ್ನೊಂದರಲ್ಲಿ ಅಷ್ಟಿಷ್ಟು ಕಾಣುತ್ತಿತ್ತು. ಜಗಲಿಯ ಮೇಲೆ ಕಂಬಳಿ ಹಾಸಿ ಕೂರಿಸಿದೆವು. ಹೋದ ವರ್ಷ ಬಂದಿದ್ದೆ, ಯಜಮಾನರು ಇರಲಿಲ್ಲ, ಬರೆದದ್ದನ್ನು ಒಪ್ಪಿಸದೆ ಹೋಗಿದ್ದೆ, ಅದಕ್ಕೇ ಮತ್ತೆ ಬಂದೆ ಎಂದ. ಅವರ ಪದ್ಧತಿ ಹಾಗೆ. ಬರೆದದ್ದನ್ನು ಯಜಮಾನನ ಮುಂದೆ ಹೇಳಬೇಕು. ಅವನು ಸರಿಯಿದೆ ಎಂದು ಒಂದು ಮೊರ ರಾಗಿ ಸುರಿದರೆ ಅದು ನಿಲ್ಲುತ್ತದೆ, ಇಲ್ಲದಿದ್ದರೆ ಹೊಡೆದುಹಾಕುತ್ತಾರೆ.

ಗಂಟೆ ಬಾರಿಸಿ ಶುರು ಮಾಡಿದ. ಏಳು ತಲೆಮಾರಿನಿಂದ ಇಳಿದು ನನ್ನ ಅಪ್ಪನಿಗೆ ಬಂದ, ನನಗೆ ಬಂದ. "ಇವ್ರ ಮಗಳು ಚಂದ್ರಕಲಾ. ಅರದನಳ್ಳಿ ಶಿವಕುಮಾರ್ನಿಗೆ ಕೊಟ್ಟದ್ದು."

ರಾಜಮ್ಮ ರಾಗಿ ತುಂಬಿದ ಮೊರ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮೊರವನ್ನು ಹಿಂದಕ್ಕೆ ಎಳೆದುಕೊಂಡಳು. ನನಗೆ ಸಿಟ್ಟು ನೆತ್ತಿಗೇರಿತು. ಮಗಳು ತೀರಿಕೊಂಡು ಎರಡು ವರ್ಷವಾಗುತ್ತ ಬಂತು, ಯಾರೋ ಏನೋ ಹೇಳಿದರೆ ಬರೆದುಕೊಳ್ಳುವುದೇ ಎಂದು ಗದರಿದೆ. ಸಿದ್ದಪ್ಪ ಗಂಟೆಯನ್ನು ಕೆಳಗಿಟ್ಟ. ಆಮೇಲೆ ಹೇಳಿದ.

"ಯುಗಾದಿ ಕಳ್ದು ಎಂಟ್ಹತ್ತು ದಿನಕ್ಕೆ ಬಂದಿದ್ದೆ ಬುದ್ಧಿ. ನಿಮ್ಮ ಹೆಣ್ಮಗ ಇಲ್ಲೇ ಕುಂತಿತ್ತು. ಚೊಂಬಲ್ಲಿ ನೀರು ಕೊಡ್ತು. ಕಣ್ಣು ಮಂಜು, ಆದ್ರೆ ಆ ದನಿ ನಂಗೆ ಗೊತ್ತಿಲ್ವೆ? ಅರದನಳ್ಳಿ ಮನೆ ಅಜ್ಜ ಯಾವೂರಿಂದ ಬಂದ್ರು ಅಂತ ಕೇಳ್ತು. ಅರವೆಯಿಂದ ಬಂದ ಮನೆ ಅಳಿಯ, ಬೆಡಗು ಬ್ಯಾರೆ ಅಂದೆ. ಅಂಗಾರೆ ನಮ್ದ ಬರ್ಕಳಿ ಅಂತು. ನಂಗೆ ಕಾಣಲ್ಲ, ನೀನೇ ಬರಿ ಮಗ ಅಂತ ಪುಸ್ತಕ ಕೊಟ್ಟೆ."

ಪುಸ್ತಕವನ್ನು ಕಿತ್ತುಕೊಂಡೆ ಎಂದೇ ಹೇಳಬೇಕು. ಸಿದ್ದಪ್ಪನ ಸೊಟ್ಟ ಅಕ್ಷರಗಳ ಕೆಳಗೆ ನೀಲಿ ಶಾಯಿಯಲ್ಲಿ ಒಂದು ಸಾಲು. ಚಂದ್ರಕಲಾ, ಎರಡು ಅಡ್ಡಗೆರೆ, ಶಿವಕುಮಾರ. ಯಾವ ಹೆಳವನೂ ಮದುವೆಗೆ ಆ ಗುರುತು ಹಾಕುವುದಿಲ್ಲ. ಅದನ್ನು ಅವಳಿಗೆ ಕಲಿಸಿದವನು ನಾನು. ಅಕ್ಷರ ಅವಳದೇ, ಎಡಕ್ಕೆ ಸ್ವಲ್ಪ ವಾಲಿದ, ಎಷ್ಟು ತಿದ್ದಿದರೂ ನೆಟ್ಟಗಾಗದ ಅಕ್ಷರ.

ಆಮೇಲೆ ನಾನು ಎಲ್ಲ ದಾರಿಯಲ್ಲೂ ಯೋಚಿಸಿದ್ದೇನೆ. ಪಿಯುಸಿಯಲ್ಲಿದ್ದಾಗಲೇ ಆಟಕ್ಕೆ ಬರೆದಿದ್ದಳೇ ಎಂದರೆ, ಆಗ ಶಿವಕುಮಾರನೂ ಗೊತ್ತಿಲ್ಲ, ದೊರೆಮನೆಗಳ ಕೆಲಸವೂ ಬಂದಿರಲಿಲ್ಲ. ನಮ್ಮ ಬೀದಿಯ ಯಾವುದೋ ಹುಡುಗಿ ತಮಾಷೆ ಮಾಡಿದಳೇ ಎಂದರೆ, ಆ ಎರಡು ಗೆರೆ ಅವಳಿಗೆ ಎಲ್ಲಿಂದ ಬಂತು? ಬದುಕಿದ್ದಾಗ ಕಲಾ ತಾನೇ ಎಲ್ಲೋ ಸಿದ್ದಪ್ಪನನ್ನು ಹುಡುಕಿ ಹೋಗಿದ್ದಳೇ, ಮುದುಕನ ತಲೆಯಲ್ಲಿ ದಿನ ಅದಲುಬದಲಾಯಿತೇ? ಆಗಿರಬಹುದು. ಹಾಗೆ ಆಗಿದ್ದರೆ ಬದುಕಿದ್ದವಳು ಬಂದು ನನ್ನ ಮುಖಕ್ಕೆ ಹಿಡಿಯುತ್ತಿರಲಿಲ್ಲವೇ, ನೋಡಿ ಬೆಡಗು ಬೇರೆ ಎಂದು? ಆ ಚೊಂಬಂತೂ ಜಗಲಿಯ ಮೇಲೆ ಇತ್ತು.

ಆದರೆ ಆ ಮಧ್ಯಾಹ್ನ ಇದೊಂದೂ ತಲೆಗೆ ಬರಲಿಲ್ಲ. "ಒಡೆದಾಕ್ಬುಡ್ಲಾ ಬುದ್ಧಿ?" ಎಂದು ಸಿದ್ದಪ್ಪ ಪೆನ್ನು ಹುಡುಕುತ್ತಿದ್ದ. ಬೇಡ ಎಂದೆ. ರಾಜಮ್ಮನ ಕೈಯಿಂದ ಮೊರ ತೆಗೆದುಕೊಂಡು ಅವನ ಚೀಲಕ್ಕೆ ಸುರಿದೆ. ಅರ್ಧ ರಾಗಿ ನೆಲಕ್ಕೆ ಬಿತ್ತು. "ಸರಿ ಅದೆ" ಎಂದೆ. ಕಲಾ ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಕೇಳಿದ್ದು ಆ ಎರಡು ಮಾತು. ಮೂರು ವರ್ಷ ತಡವಾಗಿ, ಹೆಳವನ ಮುಂದೆ, ಬಾಯಿಂದ ಬಂತು.

ಹೊರಡುವಾಗ ಸಿದ್ದಪ್ಪನಿಗೆ ಏನೋ ಹೊಳೆಯಿತು. ನಿಮಗೆ ಒಂದು ಮಾತು ಹೇಳಿ ಎಂದಿದ್ದಳು ಮಗಳು, ಮರೆತಿದ್ದೆ, ಹೆಳವಯ್ಯನನ್ನು ಕೇಳಾಯಿತು ಎಂದು ಹೇಳಬೇಕಂತೆ ಎಂದ. ನಾನು ಅವನ ಎರಡೂ ಕೈ ಹಿಡಿದುಕೊಂಡೆ.

"ಅಪ್ಪಂಗೆ ಹೇಳಿ ಅಂದ್ಲಾ, ಅವ್ರಿಗೆ ಹೇಳಿ ಅಂದ್ಲಾ?"

ಅವನು ಯೋಚಿಸಿದ. ನಿಜವಾಗಿಯೂ ಯೋಚಿಸಿದ, ನನ್ನನ್ನು ಸಮಾಧಾನ ಮಾಡಲು ಸುಳ್ಳು ಹೇಳುವವನಲ್ಲ ಅವನು. ಕೊನೆಗೆ ತಲೆಯಾಡಿಸಿದ. "ನೆಪ್ಪಿಲ್ಲ ಬುದ್ಧಿ."

ಇದಾಗಿ ಆರು ವರ್ಷ. ಶಿವಕುಮಾರನಿಗೆ ಮದುವೆಯಾಗಿದೆ, ಅವನಿಗೆ ಇದನ್ನು ಹೇಳಿಲ್ಲ, ಹೇಳುವುದೂ ಇಲ್ಲ. ಹಿರಿಯರ ಹಬ್ಬದಲ್ಲಿ ರಾಜಮ್ಮ ಕಲಾಳಿಗೂ ಒಂದು ಎಲೆ ಹಾಕುತ್ತಾಳೆ, ಹಸಿರು ಬಳೆ ಇಡುತ್ತಾಳೆ. ದಾಯಾದಿಗಳು ಕೇಳಿದರೆ ಹೆಳವನ ಪುಸ್ತಕ ನೋಡಿ ಎನ್ನುತ್ತಾಳೆ. ಹೋದ ವರ್ಷ ಸಿದ್ದಪ್ಪ ತೀರಿಕೊಂಡ ಸುದ್ದಿ ಬಂತು. ಅವನ ಮಗ ಬಂದು ಓದಿದ. ಆ ಸಾಲು ಹಾಗೇ ಇದೆ. ನಾನು ಈಗಲೂ ದೆವ್ವ ಭೂತ ನಂಬುವವನಲ್ಲ. ಅವಳು ಬಂದಿದ್ದಳೋ ಇಲ್ಲವೋ ಎಂದು ಕೇಳಿಕೊಳ್ಳುವುದನ್ನೂ ಬಿಟ್ಟಿದ್ದೇನೆ. ಏಳು ತಲೆಮಾರಿನ ಹೆಸರನ್ನು ಒಂದೂ ತಪ್ಪದೆ ಹೇಳುತ್ತಿದ್ದ ಮುದುಕ, ಆ ಒಂದು ಮಾತನ್ನು ಮರೆತು ಹೋದ.