ಕಾಕಾನ ಅಡವಿ

ಮೊನ್ನೆ ಹೊಸ ಮಣ್ಣಿನ ಗಡಿಗೆ ತಂದು ನೀರು ತುಂಬಿಸಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಜಲನಗರದ ನಮ್ಮ ಪಕ್ಕದ ಮನೆಯ ಕಾಕಾ ನೆನಪಾದರು. ಆಟಕ್ಕೆ ಕೂತಾಗ ಅವರ ಬಗಲಲ್ಲಿ ಇಂಥದೇ ಗಡಿಗೆ ಇರುತ್ತಿತ್ತು...

ಕಾಕಾ ಭೂಮಿ ಅಳೆಯುವ ನೌಕರಿ ಮಾಡಿ ನಿವೃತ್ತರಾದವರು. ಟಿಕೋಟಾ, ಬಬಲೇಶ್ವರ ಕಡೆಯ ಬಯಲನ್ನೆಲ್ಲ ಸರಪಳಿ ಹಿಡಿದು ತುಳಿದಿದ್ದರು. ಮಗಳು ಮದುವೆಯಾಗಿ ಹೋಗುವಾಗ ಬಿಟ್ಟ ದಾಳಗಳು ಸಿಕ್ಕಮೇಲೆ, ಭಾನುವಾರ ಮಧ್ಯಾಹ್ನ ನಮ್ಮ ನಾಲ್ಕು ಜನರನ್ನು ಕೂಡಿಸಿಕೊಂಡು ಆಟ ನಡೆಸುತ್ತಿದ್ದರು. ಕಲ್ಪನೆಯ ಒಂದು ರಾಜ್ಯ. ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ವೇಷ. ಏನು ಮಾಡುತ್ತೇವೆಂದು ನಾವು ಬಾಯಿಂದ ಹೇಳಬೇಕು, ಆಗುತ್ತದೋ ಇಲ್ಲವೋ ದಾಳ ಹೇಳುತ್ತದೆ, ಉಳಿದ ಕಥೆ ಕಾಕಾನದು. ದಿನವಿಡೀ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ನಾನು ಅಲ್ಲಿ ಅರಸನ ಓಲೆ ಒಯ್ಯುವ ದೂತೆ. ಎರಡು ವರ್ಷ ಆಕೆಯನ್ನು ಸಾಕಿದ್ದೆ. ನಗಬೇಡಿ, ನನಗೆ ಆಕೆಯ ಮೇಲೆ ಜೀವ ಇತ್ತು.

ಬೇರೆಯವರ ಆಟದಲ್ಲಿ ಅಡವಿ ಎಂದರೆ ದಟ್ಟ ಮರ, ರಾಕ್ಷಸರು. ನಮ್ಮ ಕಡೆ ಅಡವಿ ಎಂದರೆ ಬಯಲೇ. ಕಾಕಾನ ಅಡವಿಯಲ್ಲಿ ದಾರಿ ತಪ್ಪುತ್ತಿತ್ತು, ನೀರು ತೀರುತ್ತಿತ್ತು. ಇದೆಂಥ ಕಾಟ, ಒಂದೇ ಮಾತಿನಲ್ಲಿ ಊರು ಮುಟ್ಟಿಸಿಬಿಡಿ ಎಂದು ನಾನು ಜಗಳ ತೆಗೆಯುತ್ತಿದ್ದೆ.

“ಹಾದ್ಯಾಗ ಅಂಜಿಕಿ ಇಲ್ಲಂದ್ರ ಊರು ಮುಟ್ಟಿದ್ದು ಏನ್ ದೊಡ್ಡಸ್ತಿಕಿ? ಖರೇ, ನಕಾಶಿ ಮೊದಲ ಮುಂದ ಇಡ್ತೀನಿ. ಹೇಳದ ಕೊಲ್ಲಾಂವ ನಾ ಅಲ್ಲ” ಎನ್ನುತ್ತಿದ್ದರು. ಎಷ್ಟು ನೀರು ಒಯ್ಯುತ್ತೀರೆಂದು ಕೇಳದೆ ಒಂದು ಹೆಜ್ಜೆ ಇಡಲು ಬಿಡುತ್ತಿರಲಿಲ್ಲ.

ಆ ಭಾನುವಾರ ನಾನು ನಕ್ಷೆ ಅಳೆಯಲಿಲ್ಲ. ದಾರಿಯಲ್ಲಿ ಸಿಕ್ಕ ಕುರುಬನನ್ನು ಬಾವಿ ಎಷ್ಟು ದೂರ ಎಂದು ಕೇಳಿದೆ. ಕಾಕಾ ಕುರುಬನಾಗಿ, “ಇಲ್ಲೇ ಐತ್ರಿ, ಆ ದಿನ್ನಿ ದಾಟಿದ್ರ ಬಂತು” ಎಂದರು. ದಣಿದು ಬಂದವರ ಎದೆ ಒಡೆಯಬಾರದೆಂದು ನಮ್ಮ ಕಡೆ ಯಾರೂ ದೂರವನ್ನು ದೂರ ಅನ್ನುವುದಿಲ್ಲ. ಹತ್ತಿರದ ತೊರವಿಯೂ ಇಲ್ಲೇ, ದೂರದ ಟಿಕೋಟಾವೂ ಇಲ್ಲೇ. ಇದೇ ಮಣ್ಣಿನಲ್ಲಿ ಹುಟ್ಟಿದವಳಿಗೆ ಅಷ್ಟು ಗೊತ್ತಿರಬೇಡವೇ? ನಂಬಿದೆ. ಇದ್ದ ನೀರನ್ನು ಕುದುರೆಗೆ ಕುಡಿಸಿಬಿಟ್ಟೆ. ದಿನ್ನೆಯಾಚೆ ಬರೀ ಕಲ್ಲು. ನನ್ನ ದೂತೆ ನೆಲಕ್ಕೆ ಬಿದ್ದಳು.

ಕಾಕಾ ಏನೋ ಹೇಳುತ್ತ ದಾಳವನ್ನು ನನ್ನ ಕಡೆ ಸರಿಸಿದರು. ನಾನು ಕೇಳಿಸಿಕೊಳ್ಳಲಿಲ್ಲ. “ಸುಳ್ಳು ಹೇಳಿ ಕೊಂದ್ರಿ, ಕಾಕಾ” ಎಂದು ಎದ್ದು ಬಂದುಬಿಟ್ಟೆ.

ಮುಂದೆ ಮೂರು ಭಾನುವಾರ ಅವರು ಕಂಪೌಂಡ್ ಗೋಡೆಯ ಮೇಲಿಂದ ಕರೆದರು. ಕೇಳಿಯೂ ಕೇಳದವಳಂತೆ ಬಟ್ಟೆ ಒಣಹಾಕುತ್ತಿದ್ದೆ. ಸೊಕ್ಕು, ಮತ್ತೇನು... ಆಮೇಲೆ ಅವರು ಕರೆಯಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಒಂದು ಮುಂಜಾನೆ ಎದೆನೋವು ಅಂದವರು ಆಸ್ಪತ್ರೆ ಮುಟ್ಟಲಿಲ್ಲ.

ಸಾವಿನ ಮನೆಗೆ ಮಾತಾಡಿಸಲು ಹೋದಾಗ ಅವರ ಹೆಂಡತಿ, ಕಾಕು, ನನ್ನ ಕೈ ಹಿಡಿದುಕೊಂಡರು. “ನಿನ್ನ ದೂತಿ ಸತ್ತಾಳ ಅಂತ ತಿಳಕೊಂಡೀಯೇನು ಬೇ? ಆಕೀದು ಕಡೀದೊಂದು ದಾಳ ಒಗಿಯೂದು ಉಳದೈತಿ ಅಂತಿದ್ರು. ಉಳದವರು ನಾವ ಒಗೀತೀವಿ ಅಂದ್ರ ಕೇಳಲಿಲ್ಲ. ಆಕೀನ ಬಂದು ಒಗೀಲಿ, ಅಲ್ಲೀತನಕಾ ಆಕೀನ ಅಡವ್ಯಾಗ ಬಿಟ್ಟು ಯಾರೂ ಮುಂದ ಹೋಗೂದು ಬ್ಯಾಡ ಅಂತ ಆಟಾನ ನಿಲ್ಲಿಸಿಬಿಟ್ರು.”



ಕಾಕು ಈಗ ಮಗಳ ಹತ್ತಿರ ಇದ್ದಾರೆ, ಆ ಮನೆಯಲ್ಲಿ ಬಾಡಿಗೆಯವರು ಬಂದಿದ್ದಾರೆ. ಹೋಗುವಾಗ ಕಾಕು ಕೊಟ್ಟ ದಾಳ ನನ್ನ ಕಪಾಟಿನಲ್ಲಿದೆ. ಒಗೆಯಬಹುದು. ಎಷ್ಟು ಬಿದ್ದರೆ ಆಕೆ ಬದುಕುತ್ತಾಳೆ ಎಂಬುದು ಕಾಕಾಗೆ ಮಾತ್ರ ಗೊತ್ತಿತ್ತು.